ನೂರಕ್ಕೆ ಐದು ಅಂದ ಮೇಷ್ಟ್ರು

ಪಿಯುಸಿ ಫಲಿತಾಂಶ ಬಂದ ಮಾರನೆಯ ದಿನದಿಂದ ಚಳ್ಳಕೆರೆಯ ಮುರುಗೇಂದ್ರಪ್ಪ ಮೇಷ್ಟ್ರ ಮನೆ ಮುಂದೆ ಚಪ್ಪಲಿಗಳ ಗುಂಪು ಬೀಳುತ್ತಿತ್ತು. ಸೊಸೆಯಾಗಿ ಬಂದ ಮೊದಲ ವರ್ಷ ಗಂಗಾಂಬಿಕಾ ಬೀದಿಯ ತಿರುವಿನಿಂದಲೇ ಅಷ್ಟು ಚಪ್ಪಲಿ ಕಂಡು, ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ತರಕಾರಿ ಚೀಲ ಹಿಡಿದೇ ಓಡಿ ಬಂದಿದ್ದಳು. ಒಳಗೆ ನೋಡಿದರೆ ಹತ್ತು ಹನ್ನೆರಡು ಜನ ಅಪ್ಪಂದಿರು ಗೋಡೆಗೆ ಒರಗಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಅತ್ತೆ ಜಗದಾಂಬ ಅವಳ ಮುಖ ನೋಡಿ ನಕ್ಕು, ಇವರೆಲ್ಲ ನಿಮ್ಮ ಮಾವನ ಹತ್ತಿರ ಮಕ್ಕಳ ತೂಕ ಹಾಕಿಸೋಕೆ ಬಂದವರು, ಗಾಬರಿ ಬೀಳಬೇಡ ಎಂದಿದ್ದರು.

ತೂಕ ಅಂದದ್ದು ತಮಾಷೆಗಾದರೂ ಮಾತು ಸುಳ್ಳಲ್ಲ. ಮುರುಗೇಂದ್ರಪ್ಪನವರ ತಂದೆಗೆ ಶೇಂಗಾ ಮಂಡಿ ಇತ್ತು. ಶಾಲೆ ಬಿಟ್ಟ ಮೇಲೆ ಹುಡುಗನ ಕೆಲಸ ಚೀಲದಿಂದ ಹಿಡಿ ಕಾಯಿ ತೆಗೆದು ಒಡೆದು, ಬೀಜ ಎಷ್ಟು, ಜೊಳ್ಳು ಎಷ್ಟು ಎಂದು ಹೇಳುವುದು. ಚೀಲದ ಬಾಯಲ್ಲಿ ಎಲ್ಲರೂ ಒಳ್ಳೆಯ ಕಾಯನ್ನೇ ಇಟ್ಟಿರುತ್ತಾರೆ, ಕೈಯನ್ನು ಮೊಣಕೈತನಕ ಇಳಿಸು ಎಂದು ಅಪ್ಪ ಕಲಿಸಿದ್ದರು. ಮುಂದೆ ಹುಡುಗ ದಾವಣಗೆರೆಯಲ್ಲಿ ಓದಿ, ಸರ್ಕಾರಿ ಕಾಲೇಜಿನಲ್ಲಿ ಮೂವತ್ತಮೂರು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದರೂ ಕೈ ಇಳಿಸುವ ಅಭ್ಯಾಸ ಹೋಗಲಿಲ್ಲ. ಯಾವ ಮಗು ಬಂದರೂ ಅಂಕಪಟ್ಟಿಯನ್ನು ಮೊದಲು ಮಗುಚಿ ಇಡುವರು. ಎಂಟನೇ ತರಗತಿಯದ್ದೊಂದು, ಹತ್ತನೆಯದ್ದೊಂದು, ಯಾವ ಪುಸ್ತಕದಲ್ಲೂ ಇಲ್ಲದ್ದೊಂದು, ಹೀಗೆ ಏಳು ಪ್ರಶ್ನೆ. ಆಮೇಲೆ ಮಗು ಬಯಸಿದ ಕಾಲೇಜಿನಲ್ಲಿ ಸೀಟೆಷ್ಟು, ಅರ್ಜಿ ಎಷ್ಟು, ಹೋದ ವರ್ಷ ಎಷ್ಟು ಅಂಕಕ್ಕೆ ನಿಂತಿತ್ತು ಎಂಬ ಲೆಕ್ಕ. ಎಲ್ಲ ಮುಗಿದ ಮೇಲೆ ಒಂದು ಸಂಖ್ಯೆ: ಸೀಟು ಸಿಗುವ ಸಂಭವ ನೂರಕ್ಕೆ ಇಷ್ಟು.

ಆ ಸಂಖ್ಯೆಯನ್ನು ಅವರು ಬಾಯಲ್ಲಿ ಹೇಳುತ್ತಿರಲಿಲ್ಲ. ಬಹಳ ಹಿಂದೆ ಒಮ್ಮೆ ಆರೇಳು ಜನರ ಎದುರಿಗೆ ಒಬ್ಬ ಹುಡುಗನಿಗೆ ನಿನಗೆ ಸಿಗೋದಿಲ್ಲಪ್ಪ ಅಂದುಬಿಟ್ಟಿದ್ದರು. ಹುಡುಗ ಎರಡು ದಿನ ಊಟ ಬಿಟ್ಟನೆಂದು ಆಮೇಲೆ ತಿಳಿಯಿತು. ಅಲ್ಲಿಂದ ಮುಂದೆ ಅವರು ಮಂಡಿಯ ಹಳೆಯ ಪದ್ಧತಿಗೆ ಮರಳಿದರು. ಅಲ್ಲಿ ಬೆಲೆ ಉಳಿದವರಿಗೆ ಕೇಳಿಸಬಾರದೆಂದು ಇಬ್ಬರೂ ಕೈ ಮೇಲೆ ಟವೆಲ್ ಹಾಕಿಕೊಂಡು ಬೆರಳು ಹಿಡಿಯುತ್ತಿದ್ದರು. ಮೇಷ್ಟ್ರ ಲೆಕ್ಕದಲ್ಲಿ ಒಂದು ಬೆರಳು ಅಂದರೆ ಹತ್ತು, ಮಡಿಸಿದ ಬೆರಳು ಐದು. ಮಗು ಎದುರಿಗೇ ಕೂತಿದ್ದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಅಪ್ಪನ ಕೈಗೆ ಮಾತ್ರ ಗೊತ್ತು. ಹೇಳಿದ್ದನ್ನೆಲ್ಲ ಅವರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು: ಹೆಸರು, ಊರು, ಕಾಲೇಜು, ಸಂಖ್ಯೆ. ಶ್ರಾವಣದ ಹೊತ್ತಿಗೆ ವಿಚಾರಿಸಿ, ತಮ್ಮ ಮಾತು ನಿಜವಾಗಿದ್ದರೆ ಹಸಿರು ಶಾಯಿಯಲ್ಲಿ ಗೆರೆ. ಅಂಥ ಮೂರು ನೋಟ್‌ಬುಕ್ ತುಂಬಿದ್ದವು. ಮೇಷ್ಟ್ರ ಮಾತು ಹುಸಿಯಾಗಲ್ಲ ಎಂಬುದು ಚಳ್ಳಕೆರೆಯಿಂದ ಮೊಳಕಾಲ್ಮುರುವಿನ ತನಕ ನಂಬಿಕೆಯಾಗಿತ್ತು.

ಗಂಗಾಂಬಿಕಾ ಬೆಂಗಳೂರಿನಲ್ಲಿ ಓದಿದವಳು, ಸಂಖ್ಯಾಶಾಸ್ತ್ರದ ಪದವೀಧರೆ. ಗಂಡ ಶಶಿಕಾಂತ್ ಎಣ್ಣೆ ಮಿಲ್ ನೋಡಿಕೊಳ್ಳುತ್ತಿದ್ದ. ಅವಳು ನಾಲ್ಕು ವರ್ಷದ ಸ್ಕಂದನನ್ನು ನೋಡಿಕೊಳ್ಳುತ್ತಿದ್ದಳು, ಅಂದರೆ ಅವನ ಬಗ್ಗೆ ಚಿಂತೆ ಮಾಡುತ್ತಿದ್ದಳು. ಅವನು ಕೆಮ್ಮಿದರೆ ಚಿಂತೆ, ಕೆಮ್ಮದಿದ್ದರೆ ಕಫ ಒಳಗೇ ಕೂತಿದೆಯೇನೋ ಎಂಬ ಚಿಂತೆ. ಅವಳ ಗೆಳತಿಯರ ಮಕ್ಕಳು ಬೆಂಗಳೂರಿನಲ್ಲಿ ಆಗಲೇ ಇಂಗ್ಲಿಷಿನಲ್ಲಿ ಗ್ರಹಗಳ ಹೆಸರು ಹೇಳುತ್ತಿದ್ದವು. ಒಂದು ದಿನ ತಡೆಯಲಾರದೆ ಮಾವನ ಮುಂದೆ ಮಗನನ್ನು ಕೂರಿಸಿ, ನೀವೇ ಸ್ವಲ್ಪ ನೋಡಿ ಹೇಳಿ ಎಂದಳು. ಮುರುಗೇಂದ್ರಪ್ಪ ಮೊಮ್ಮಗನ ಕಿವಿ ಹಿಂಡಿ, ಎಳೆಕಾಯಿ ಒಡೆದು ನೋಡಬಾರದಮ್ಮ ಎಂದು ಎದ್ದು ಹೋದರು. ಅವಳಿಗೆ ಸಮಾಧಾನವೂ ಆಯಿತು, ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನವೂ ಉಳಿಯಿತು.

ಈ ವರ್ಷದ ಮೇ ತಿಂಗಳ ಒಂದು ಗುರುವಾರ ನನ್ನಿವಾಳದಿಂದ ಬೊಮ್ಮಲಿಂಗಪ್ಪ ಬಂದ. ಜೊತೆಗೆ ಹೆಂಡತಿ ಯರ್ರಮ್ಮ, ಮಗಳು ಪವಿತ್ರ. ಹುಡುಗಿ ಭೂವಿಜ್ಞಾನ ಓದಬೇಕೆಂದು ಬೆಂಗಳೂರಿನ ಆಚೆಯ ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ತಾನೇ ಅರ್ಜಿ ಹಾಕಿದ್ದಳು. ದೇಶದ ಮೂಲೆಮೂಲೆಯಿಂದ ಮಕ್ಕಳು ಬರೆಯುವ ಪರೀಕ್ಷೆಯನ್ನು ಬರೆದು, ಸಂದರ್ಶನಕ್ಕೆ ಕರೆಸಿಕೊಂಡಿದ್ದಳು. ಓದು, ವಾಸ, ಊಟ ಎಲ್ಲವನ್ನೂ ಅವರೇ ಕೊಡುತ್ತಾರಂತೆ. ಕರೆದದ್ದು ನಾಲ್ಕುನೂರು ಜನರನ್ನು, ತೆಗೆದುಕೊಳ್ಳುವುದು ನಲವತ್ತು. ಸಂದರ್ಶನ ಸೋಮವಾರ ಬೆಳಿಗ್ಗೆ. ತೊಡಕೆಂದರೆ, ಚಿತ್ರದುರ್ಗದಲ್ಲಿ ಅವಳಿಗೆ ಸಿಕ್ಕಿದ್ದ ನರ್ಸಿಂಗ್ ಸೀಟಿಗೆ ಸ್ವತಃ ಹಾಜರಾಗಿ ದಾಖಲೆ ಕೊಡಲು ಕೊನೆಯ ದಿನವೂ ಅದೇ ಸೋಮವಾರ. ಯಾವುದಾದರೂ ಒಂದು ಕಡೆ ಮಾತ್ರ ಹೋಗಬಹುದು.

ಮೇಷ್ಟ್ರು ಏಳು ಪ್ರಶ್ನೆ ಕೇಳಿದರು. ಸ್ಕಂದನಿಗೆ ಬಾಳೆಹಣ್ಣು ತಿನ್ನಿಸುತ್ತಾ ಗಂಗಾಂಬಿಕಾ ಬಾಗಿಲಲ್ಲೇ ನಿಂತಿದ್ದಳು. ಬರೆದು ತೋರಿಸುವ ಪ್ರಶ್ನೆಗಳನ್ನು ಹುಡುಗಿ ಬರೆದು ತೋರಿಸಿದಳು. ಬಾಯಲ್ಲಿ ಹೇಳಬೇಕಾದಾಗ ಮಾತ್ರ ಚಾಪೆಯ ಅಂಚು ನೋಡುತ್ತಾ ಕೂತಳು, ಅವಳ ಪಾಲಿನದ್ದನ್ನು ಬೊಮ್ಮಲಿಂಗಪ್ಪನೇ ಹೇಳಿದ. ಕೊನೆಗೆ ಮೇಷ್ಟ್ರು ಟವೆಲ್ ಬಿಡಿಸಿದರು. ಬಟ್ಟೆಯ ಕೆಳಗೆ ಎರಡು ಕೈ ಒಂದು ಗಳಿಗೆ ಅಲುಗಾಡಿದವು. ಬೊಮ್ಮಲಿಂಗಪ್ಪ ನಿಧಾನಕ್ಕೆ ಕೈ ಎಳೆದುಕೊಂಡು, ಹಂಗಾರೆ ನರ್ಸಿಂಗೇ ಆಗ್ಲಿ ಬಿಡಿ ಸಾರ್ ಎಂದ.

ಯರ್ರಮ್ಮ ಗಂಡನ ಮುಖ ನೋಡಿ ಎದ್ದಳು. ಚಪ್ಪಲಿ ಮೆಟ್ಟುವಾಗ ಪವಿತ್ರ ಮಾತ್ರ ಹಿಂದೆ ಉಳಿದು, ಗಂಗಾಂಬಿಕಾಳ ಕಿವಿಯ ಹತ್ತಿರ ಬಂದಳು.

"ಅಕ್ಕಾ, ಸಾರ್ ಎಷ್ಟು ಬೆಳ್ಳು ಹಿಡಿದ್ರು?"

"ನಂಗೂ ಕಾಣಿಸ್ಲಿಲ್ಲ ಕಣೇ."

ಹುಡುಗಿ ತಲೆಯಾಡಿಸಿ ಹೋದಳು. ಅತ್ತರೂ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದುಕೊಂಡಳು ಗಂಗಾಂಬಿಕಾ. ಅಂಗಡಿಯಲ್ಲಿ ಕೇಳಿದ ಸಾಮಾನು ಇಲ್ಲವೆಂದಾಗ ತಿರುಗಿ ಹೋಗುವವರ ಹಾಗೆ ಹೋಗಿದ್ದಳು.

ಚಿಂತೆ ಮಾಡುವವರಿಗೆ ಮನೆಯ ಚಿಂತೆ ಸಾಲದಾದಾಗ ಊರಿನದ್ದೂ ಬೇಕಾಗುತ್ತದೆ. ಮಧ್ಯಾಹ್ನ ಸ್ಕಂದ ಮಲಗಿದ ಮೇಲೆ ಅವಳು ಮಾವನನ್ನು ಕೇಳಿ ಆ ಮೂರು ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಕೂತಳು. ಪವಿತ್ರಳ ಹೆಸರಿನ ಮುಂದೆ ಐದು ಎಂದಿತ್ತು. ಹಿಂದೆ ಐದು ಅನ್ನಿಸಿಕೊಂಡ ಯಾರಿಗಾದರೂ ಸೀಟು ಸಿಕ್ಕಿದ್ದರೆ, ನೋಡೇ, ಇಂಥವರಿಗೆ ಸಿಕ್ಕಿತ್ತು ಎಂದು ಹುಡುಗಿಗೆ ಫೋನ್ ಮಾಡಿ ಹೇಳಬಹುದು ಎಂಬುದಷ್ಟೇ ಅವಳ ಆಸೆ. ಪುಟ ಮಗುಚಿದಂತೆ ಹಾಲಿನ ಲೆಕ್ಕದ ಚೀಟಿಯ ಹಿಂದೆ ಗೀಟು ಹಾಕುತ್ತಾ ಹೋದಳು. ಪವಿತ್ರಳನ್ನು ಬಿಟ್ಟು, ಐದು ಅನ್ನಿಸಿಕೊಂಡವರು ಒಟ್ಟು ಅರವತ್ತೊಂದು ಜನ. ಎಲ್ಲರ ಮುಂದೆಯೂ ಹಸಿರು ಗೆರೆ. ಯಾರಿಗೂ ಸಿಕ್ಕಿರಲಿಲ್ಲ.

ಮೊದಲು ಮನಸ್ಸು ಇಳಿದುಹೋಯಿತು. ಟೀಗೆ ನೀರಿಡುವಾಗ ಇದ್ದಕ್ಕಿದ್ದಂತೆ ಏನೋ ಹೊಳೆದು, ಒಲೆ ಆರಿಸಿ ಹೊರಗೆ ಬಂದಳು. ಮಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ಮಾವ, ನೂರಕ್ಕೆ ಐದು ಅಂದ್ರೆ ಅರವತ್ತು ಜನರಲ್ಲಿ ಮೂರು ಜನಕ್ಕಾದ್ರೂ ಸಿಗಬೇಕಿತ್ತಲ್ವಾ? ಒಬ್ಬರಿಗೂ ಸಿಕ್ಕಿಲ್ಲ."

ಮುರುಗೇಂದ್ರಪ್ಪ ಕನ್ನಡಕ ತೆಗೆದರು. ಚೀಟಿ ಇಸಿದುಕೊಂಡು ಗೀಟುಗಳನ್ನು ತಾವೂ ಎಣಿಸಿದರು. ಜೀವಮಾನವಿಡೀ ಅದೇ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಟ್ಟವರು. ಹಸಿರು ಗೆರೆಗಳು ಹೆಚ್ಚಿದಷ್ಟೂ ತಮ್ಮ ಮಾತು ಗಟ್ಟಿಯೆಂದು ಅವರು ತಿಳಿದಿದ್ದರು. ಇಷ್ಟೊಂದು ಗಟ್ಟಿಯಾಗಿರುವುದೇ ತಪ್ಪು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಅವರೆಲ್ಲ ಸಂದರ್ಶನಕ್ಕೋ ಪರೀಕ್ಷೆಗೋ ಹೋಗಿ ಬಂದಿದ್ದರೇ ಎಂದು ಅವಳು ಮೆಲ್ಲಗೆ ಕೇಳಿದಳು. ಜಗದಾಂಬ ಒಳಗಿನಿಂದಲೇ, ನೀವು ಬೇಡ ಅಂದ ಮೇಲೆ ಯಾವ ಅಪ್ಪ ಕಳಿಸ್ತಾನ್ರೀ ಎಂದರು. ಅದೂ ಕುಟುಕಲಿಕ್ಕೆ ಅಂದದ್ದಲ್ಲ, ಗೊತ್ತಿರುವ ವಿಷಯವೆಂಬಂತೆ ಅಂದರು. ನಾನು ಬೇಡ ಅಂದಿಲ್ಲ, ಐದು ಅಂದಿದ್ದೀನಿ ಎಂದರು ಮೇಷ್ಟ್ರು. ಆ ಸಂಜೆ ಅವರು ಮೂರೂ ನೋಟ್‌ಬುಕ್ಕುಗಳನ್ನು ಮತ್ತೆ ಓದಿದರು. ಮಾರನೆಯ ದಿನ ಕೆಲವರಿಗೆ ಫೋನ್ ಮಾಡಿದರು. ಕೆಲವರ ನಂಬರ್ ಬದಲಾಗಿತ್ತು. ಸಿಕ್ಕ ನಾಲ್ವರೂ ಒಂದೇ ಮಾತು ಹೇಳಿದರು: ಹೋಗಲಿಲ್ಲ ಸಾರ್. ಹೀಗೆ ಫೋನಿನಲ್ಲಿ ಕೇಳುವುದು ಸರಿಯಲ್ಲವೆಂದು ಅವರಿಗೆ ಅನ್ನಿಸಿತು. ಶನಿವಾರ ಬೆಳಿಗ್ಗೆ, ಮೊಳಕಾಲ್ಮುರುವಿಗೆ ಹೋಗಿ ಬರೋಣ, ಕಾರು ನೀನೇ ಓಡಿಸು ಎಂದು ಸೊಸೆಗೆ ಹೇಳಿದರು.

ನೋಟ್‌ಬುಕ್ಕಿನಲ್ಲಿ ಹೆಸರಿದ್ದ ಮಾರುತೇಶ ಅಲ್ಲಿ ರೇಷ್ಮೆ ಸೀರೆ ನೇಯುವವನು. ಇಪ್ಪತ್ತೊಂದು ವರ್ಷದ ಹಿಂದೆ ಕರಾವಳಿಯ ದೊಡ್ಡ ಎಂಜಿನಿಯರಿಂಗ್ ಕಾಲೇಜು ಬೇಕೆಂದಿದ್ದ ಹುಡುಗ. ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹೆಂಡತಿಗೆ ತೆಲುಗಿನಲ್ಲಿ ಟೀ ಇಡಲು ಹೇಳಿ, ಮೇಷ್ಟ್ರ ಕಾಲು ಮುಟ್ಟಿ, ಇವರತ್ತ ಕನ್ನಡಕ್ಕೆ ತಿರುಗಿದ. ಮಗ್ಗದ ಪಕ್ಕ ಚೌಕುಳಿ ಹಾಳೆಯ ಮೇಲೆ ಅವನೇ ಬರೆದ ಸೆರಗಿನ ನಕ್ಷೆ ಹರಡಿತ್ತು. ಎಷ್ಟು ಎಳೆಗೆ ಎಷ್ಟು ಚುಕ್ಕಿ ಎಂಬ ಲೆಕ್ಕ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿತ್ತು. ಸ್ಕಂದ ಎಲ್ಲಿ ನೂಲಿಗೆ ಕೈ ಹಾಕುವನೋ ಎಂದು ಗಂಗಾಂಬಿಕಾ ಅವನನ್ನು ಬಿಗಿಯಾಗಿ ಹಿಡಿದು ಕೂತಳು. ಮೇಷ್ಟ್ರು ಬಂದ ಕಾರಣ ಹೇಳಿದರು. ಮಾರುತೇಶ ನಕ್ಕ. ಅಪ್ಪ ತೀರಿಕೊಂಡು ಎಂಟು ವರ್ಷವಾಯಿತು, ಆಗ ನಿಮ್ಮ ಮನೆಯಿಂದ ವಾಪಸು ಬಂದವರೇ ಅವರು ಫಾರಂ ಎತ್ತಿಟ್ಟರು, ನಾನೂ ಕೇಳಲಿಲ್ಲ ಎಂದ. ಆಮೇಲೆ ಸುಮ್ಮನೆ ತಿಳಿದುಕೊಳ್ಳುವವನಂತೆ ಕೇಳಿದ:

"ಅವತ್ತು ಎಷ್ಟು ಅಂದಿದ್ರಿ ಸಾರ್?"

"ಐದು."

"ಐದು ಇತ್ತಾ?" ಮಾರುತೇಶ ಮೇಷ್ಟ್ರನ್ನೇ ನೋಡಿದ. "ನಾನು ಸೊನ್ನೆ ಅಂದ್ಕಂಡಿದ್ದೆ."

ಅಷ್ಟೇ ಹೇಳಿ ಅವನು ಟೀ ಲೋಟ ಮುಂದೆ ಸರಿಸಿದ. ಬೈಯಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಹೊರಡುವಾಗ ಸ್ಕಂದನ ಕೈಗೆ ಬಣ್ಣದ ನೂಲಿನ ಒಂದು ಕುಚ್ಚು ಕಟ್ಟಿ ಕಳಿಸಿದ.

ವಾಪಸು ಬರುವಾಗ ಬಿಸಿಲು ರಸ್ತೆಯ ಮೇಲೆ ನೀರಿನ ಹಾಗೆ ಆಡುತ್ತಿತ್ತು. ಮಾವನಿಗೆ ಏನಾದರೂ ಸಮಾಧಾನ ಹೇಳಬೇಕೆಂದು ಗಂಗಾಂಬಿಕಾ ಮಾತು ಹುಡುಕಿದಳು. ಮಗು ಊಟ ತಿನ್ನದೆ ಹಟ ಮಾಡಿದಾಗ ತಾನು ಅತ್ತೆಯ ಕಿವಿಯಲ್ಲಿ ಹೇಳುವ ಮಾತುಗಳು, ಗೆಳತಿಯರಿಗೆ ಫೋನಿನಲ್ಲಿ ಪಿಸುಗುಡುವ ಮಾತುಗಳು ನೆನಪಾದವು. ಮಗುವಿಗೆ ಕೇಳಿಸದಿದ್ದರೆ ಸಾಕು ಎಂದಲ್ಲವೇ ತಾನೂ ತಿಳಿದಿರುವುದು? ಚಳ್ಳಕೆರೆ ಹತ್ತಿರವಾದಾಗ ಮಾವ, ಮನೆಗೆ ಬೇಡ, ನನ್ನಿವಾಳಕ್ಕೆ ನಡಿ ಎಂದರು.

ಬೊಮ್ಮಲಿಂಗಪ್ಪ ಹೊಲದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ಮೇಷ್ಟ್ರು ಮನೆಗೇ ಬಂದದ್ದು ನೋಡಿ ಗಾಬರಿಯಿಂದ ಮಂಚ ಹಾಕಿದ. ಲೆಕ್ಕದಲ್ಲಿ ಏನೋ ಬದಲಾಗಿದೆ ಎಂದುಕೊಂಡು ತನ್ನ ಹೆಗಲ ಟವೆಲನ್ನೇ ಬಿಡಿಸಿ ಕೈ ಮುಂದೆ ಚಾಚಿದ. ಮೇಷ್ಟ್ರು ಅದನ್ನು ಮಡಿಸಿ ಪಕ್ಕಕ್ಕಿಟ್ಟು, ಪವಿತ್ರಳನ್ನು ಎದುರಿಗೆ ಕೂರಲು ಹೇಳಿದರು.

"ನೋಡವ್ವ, ನಾನು ನಿಮ್ಮಪ್ಪಗೆ ಹೇಳಿದ್ದು ಐದು. ನೂರಕ್ಕೆ ಐದು. ಅದನ್ನ ನಿಂಗೇ ಹೇಳ್ಬೇಕಿತ್ತು."

ಹುಡುಗಿ ಸೆರಗಿನಂತೆ ದುಪಟ್ಟಾ ಎಳೆದುಕೊಂಡು, ಯಾಕೆ ಐದು ಎಂದು ಕೇಳಿದಳು. ಅವರು ಬಿಡಿಸಿ ಹೇಳಿದರು. ನಾಲ್ಕುನೂರಕ್ಕೆ ನಲವತ್ತು ಅಂದರೆ ಎಲ್ಲರಿಗೂ ಹತ್ತು. ನೀನು ಬರೆದದ್ದು ಚೆನ್ನಾಗಿತ್ತು. ಆದರೆ ಸಂದರ್ಶನದಲ್ಲಿ ಬಾಯಿ ಬಿಡಬೇಕು, ನೀನು ಬಿಡಲಿಲ್ಲ, ಅದಕ್ಕೆ ಅರ್ಧ ಕಳೆದೆ.

"ಅಪ್ಪ ಪಕ್ಕದಾಗೆ ಕೂತಿದ್ರಲ್ಲ ಸಾರ್."

ಎಲ್ಲರೂ ಬೊಮ್ಮಲಿಂಗಪ್ಪನ ಕಡೆ ನೋಡಿದರು. ನಾನೇನು ಮಾಡಿದೆ ಎಂದ ಅವನು. ನೀವೇನೂ ಮಾಡಲಿಲ್ಲ, ಅವಳು ಉಸಿರು ತಗೊಳ್ಳೋಷ್ಟ್ರಲ್ಲಿ ನೀವೇ ಭೂವಿಜ್ಞಾನ ಓದಿ ಮುಗಿಸಿದ್ರಿ ಎಂದಳು ಯರ್ರಮ್ಮ. ಮೇಷ್ಟ್ರೂ ನಕ್ಕರು. ಆದರೆ ಬೊಮ್ಮಲಿಂಗಪ್ಪ ನಗಲಿಲ್ಲ. ಅವನು ಹೇಳಿದ ಮಾತಿನಲ್ಲೂ ಹುರುಳಿತ್ತು: ಐದಾಗಲಿ ಹತ್ತಾಗಲಿ, ನೂರಕ್ಕೆ ತೊಂಬತ್ತು ಜನ ವಾಪಸು ಬರುವ ಜಾಗವದು. ನರ್ಸಿಂಗ್ ಕೈಯಲ್ಲಿರುವ ಸೀಟು, ಸೋಮವಾರ ಸಂಜೆಗೆ ಅದು ಇನ್ನೊಬ್ಬಳ ಪಾಲು. ನಾಳೆ ಹುಡುಗಿ ಎರಡೂ ಇಲ್ಲದೆ ಮನೆಯಲ್ಲಿ ಕೂತರೆ ಮೇಷ್ಟ್ರು ಬಂದು ಏನು ಹೇಳುತ್ತಾರೆ?

ಅದನ್ನು ನಾನು ಹೇಳಲಾರೆ ಎಂದು ಮೇಷ್ಟ್ರು ಒಪ್ಪಿಕೊಂಡರು. ಯರ್ರಮ್ಮ ಸೊಪ್ಪು ಸೋಸುತ್ತಾ, ನಮ್ಮ ಮೇಲಿನ ಹೊಲಕ್ಕೆ ಸಾರ್ ಎಷ್ಟು ಬೆರಳು ಹಿಡೀತಿದ್ರೋ, ಆದ್ರೂ ವರ್ಷಾ ವರ್ಷಾ ಬಿತ್ತೀರಲ್ಲ ಎಂದಳು. ಹೊಲ ಬೇರೆ ಹುಡುಗಿ ಬೇರೆ ಎಂದು ಗಂಡ ಗದರಿದ. ಪವಿತ್ರ ಆಗ ತಲೆ ಎತ್ತಿ, ಮೇಷ್ಟ್ರ ಕಡೆಗಲ್ಲ, ಅಪ್ಪನ ಕಡೆ ನೋಡಿ ಹೇಳಿದಳು:

"ಸಿಗ್ಲಿಲ್ಲ ಅಂದ್ರೆ ಚಳ್ಳಕೆರೆ ಕಾಲೇಜ್ನಾಗೆ ಬಿಎಸ್ಸಿ ಸೇರ್ತೀನಪ್ಪ, ದಿನಾ ಬಸ್ಸಿನಾಗೆ ಹೋಗಿ ಬರ್ತೀನಿ. ಆದ್ರೆ ಈ ಐದು ನಂದು. ಹೋಗಿ ಬರ್ತೀನಿ."

ಬೊಮ್ಮಲಿಂಗಪ್ಪ ತುಂಬಾ ಹೊತ್ತು ಕಾಲಿನ ಮಣ್ಣು ಉಜ್ಜಿದ. ಆಮೇಲೆ ನಾಳೆ ರಾತ್ರಿ ಬೆಂಗಳೂರಿಗೆ ಬಸ್ಸು ಎಷ್ಟಕ್ಕಿದೆ ಎಂದು ಯಾರನ್ನೂ ನೋಡದೆ ಕೇಳಿದ.

ಭಾನುವಾರವಿಡೀ ಹುಡುಗಿ ಚಳ್ಳಕೆರೆಯ ಮನೆಯಲ್ಲಿದ್ದಳು. ಅಪ್ಪನನ್ನು ಮಿಲ್ಲಿನಲ್ಲಿ ಶಶಿಕಾಂತನ ಜೊತೆ ಕೂರಿಸಿದ್ದರು. ಗಂಗಾಂಬಿಕಾ ಬೆಂಗಳೂರಿನ ಸಂದರ್ಶಕಿಯಾಗಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದಳು. ಹುಡುಗಿ ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿಗೆ ತಂದಳು. ಮಧ್ಯಾಹ್ನದ ಹೊತ್ತಿಗೆ ಅವಳ ದನಿ ಅಡುಗೆಮನೆತನಕ ಕೇಳುತ್ತಿದೆಯೆಂದು ಜಗದಾಂಬ ಎರಡು ಹೋಳಿಗೆ ಹೆಚ್ಚು ಹಾಕಿದರು.

ರಾತ್ರಿ ಅಪ್ಪ ಮಗಳನ್ನು ಬಸ್ಸಿಗೆ ಕಳಿಸಿದ ಮೇಲೆ ಗಂಗಾಂಬಿಕಾಳಿಗೆ ಹೊಸ ಚಿಂತೆ ಶುರುವಾಯಿತು. ಖಾತ್ರಿಯಿದ್ದ ಸೀಟನ್ನು ತಪ್ಪಿಸಿದ್ದು ತಾನೇ, ಚೀಟಿಯ ಹಿಂದೆ ಗೀಟು ಹಾಕಿದ ತನ್ನ ಕೈಯೇ. ಸೋಮವಾರ ಅವಳು ಯರ್ರಮ್ಮನಿಗೆ ಮೂರು ಸಲ ಫೋನ್ ಮಾಡಿದಳು. ಸಂಜೆ ಐದಾದಾಗ, ಈಗ ಚಿತ್ರದುರ್ಗದಲ್ಲಿ ಬಾಗಿಲು ಹಾಕಿರುತ್ತಾರೆ ಎಂದು ಮಾವನಿಗೆ ಹೇಳಿದಳು. ಹೌದು ಎಂದರು ಅವರು. ಅವರಿಗೂ ಅದೇ ಹೊತ್ತು ನೆನಪಾಗಿತ್ತೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

ಜೂನ್ ಹದಿನೆಂಟಕ್ಕೆ ಪಟ್ಟಿ ಬಂತು. ಪವಿತ್ರಳ ಹೆಸರಿರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಹದಿನಾಲ್ಕನೆಯವಳಾಗಿದ್ದಳು. ಅದು ಒಂಬತ್ತನೆಯವರ ತನಕ ಸರಿದು ನಿಂತುಬಿಟ್ಟಿತು. ಅಷ್ಟರಲ್ಲಿ ಅವಳು ಚಳ್ಳಕೆರೆ ಕಾಲೇಜಿಗೆ ಸೇರಿಯಾಗಿತ್ತು. ಬೊಮ್ಮಲಿಂಗಪ್ಪ ಮೇಷ್ಟ್ರ ಮನೆ ಮುಂದೆ ಎರಡು ಸಲ ಹಾದುಹೋದರೂ ಒಳಗೆ ಬರಲಿಲ್ಲವೆಂದು ಪಕ್ಕದ ಮನೆಯವರು ಹೇಳಿದರು. ಫೋನ್ ಮಾಡಬೇಕೆಂದು ಗಂಗಾಂಬಿಕಾ ಹತ್ತು ಸಲ ಮೊಬೈಲ್ ಎತ್ತಿದಳು, ಧೈರ್ಯ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಹುಡುಗಿಯೇ ಮಾಡಿದಳು, ಅದೂ ಮೇಷ್ಟ್ರ ನಂಬರಿಗೆ. ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು.

"ಸಾರ್, ತೊಂಬತ್ತೈದರ ಕಡೆ ಬಿದ್ದೆ."

ಏನೇನು ಕೇಳಿದರು ಎಂದರು ಮೇಷ್ಟ್ರು. ನಿಮ್ಮ ಊರಲ್ಲಿ ಒಂದು ಹೊಲದ ಮಣ್ಣು ಕೆಂಪು, ಇನ್ನೊಂದರದ್ದು ಕಪ್ಪು ಯಾಕೆ ಎಂದು ಕೇಳಿದರಂತೆ. ಇವಳು ಹತ್ತು ನಿಮಿಷ ಹೇಳಿದಳಂತೆ. ಎದುರಿಗಿದ್ದ ಇಬ್ಬರಲ್ಲಿ ಒಬ್ಬರು ಬರೆದುಕೊಳ್ಳುವುದು ಬಿಟ್ಟು ಕೇಳಿಸಿಕೊಂಡರಂತೆ. ಎರಡನೆಯ ಪ್ರಶ್ನೆಗೆ ಮಾತ್ರ ತಪ್ಪು ಹೇಳಿದೆ, ಬಸ್ಸಿನಲ್ಲಿ ಬರುವಾಗ ಸರಿ ಉತ್ತರ ಹೊಳೆಯಿತು, ಅಪ್ಪನಿಗೇ ಹೇಳಿಕೊಂಡು ಬಂದೆ ಎಂದಳು. ಮುಂದಿನ ವರ್ಷವೂ ಬರೆಯಬಹುದು ಎಂದಿದ್ದಾರೆ. ಆಮೇಲೆ ಕೇಳಿದಳು:

"ಈಗ ನಂಗೆ ಎಷ್ಟು ಸಾರ್, ನೂರಕ್ಕೆ?"

ಗಂಗಾಂಬಿಕಾ ಸ್ಕಂದನ ಬಾಯಿಗೆ ಇಡಲಿದ್ದ ತುತ್ತನ್ನು ಹಿಡಿದೇ ನಿಂತಳು.

"ಫೋನಲ್ಲಿ ಹೇಳಲ್ಲ," ಎಂದರು ಮುರುಗೇಂದ್ರಪ್ಪ. "ಕಾಲೇಜು ಬಿಟ್ಟ ಮೇಲೆ ಬಾ. ನಿಮ್ಮಪ್ಪನ್ನ ಕರ್ಕೊಂಡು ಬರ್ಬೇಡ. ನೀನೊಬ್ಬಳೇ ಬಾ, ಇಬ್ರೂ ಕೂತು ಲೆಕ್ಕ ಹಾಕೋಣ. ಅದಿರಲಿ, ಆ ಎರಡನೇ ಪ್ರಶ್ನೆ ಏನಿತ್ತು, ಅದನ್ನ ಹೇಳು ಮೊದಲು."

ಅವಳು ಹೇಳತೊಡಗಿದಳು. ಮೇಷ್ಟ್ರು ಪೆನ್ನಿಗಾಗಿ ಜೇಬು ತಡಕಿದರು.